12 ಡಿಗ್ರಿಗೆ ನಡುಗುವವರನ್ನು ನೋಡಿ ನಗಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಂದು ಪುಟ್ಟ ಪತ್ರ ಬಂದಿತ್ತು. ಬರೆದವರು ಹಿಮ ಬೀಳುವ ಸೀಮೆಯಲ್ಲಿ ಇದ್ದು ಬಂದವರು. ಇಲ್ಲಿ 12 ಡಿಗ್ರಿಗೇ ಜನ ಸ್ವೆಟರ್, ಮಫ್ಲರ್, ಕುಲಾವಿ ಎಲ್ಲ ಸುತ್ತಿಕೊಂಡು ಓಡಾಡುವುದನ್ನು ನೋಡಿದರೆ ನಗು ಬರುತ್ತದೆ, ಇದೂ ಒಂದು ಚಳಿಯಾ ಅಂತ ಕೇಳಿದ್ದರು. ಓದಿ ನನಗೂ ನಗು ಬಂತು. ಯಾಕಂದರೆ ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಆಮೇಲೆ ಒಳಗಿನ ಕೋಣೆಯಿಂದ ನಮ್ಮ ಮಾವ ಕೆಮ್ಮಿದ್ದು ಕೇಳಿಸಿತು. ನಗು ಅಲ್ಲಿಗೇ ನಿಂತಿತು.

ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಹಿಮ ಬೀಳುವ ಊರಿನಲ್ಲಿ ಹದಿನೇಳು ಚಳಿಗಾಲ ಕಳೆದವನು ನಾನು. ಕೆಲಸ, ಕಟ್ಟಡಗಳ ಹೀಟಿಂಗ್ ನೋಡಿಕೊಳ್ಳುವುದು. ಬಾಯ್ಲರ್, ಪೈಪು, ರೇಡಿಯೇಟರ್, ಥರ್ಮೋಸ್ಟಾಟ್ ಇವೇ ನನ್ನ ಸಂಸಾರ. ಹೆಂಡತಿಯ ಅಪ್ಪ ಅಮ್ಮನಿಗೆ ವಯಸ್ಸಾಯಿತು ಅಂತ ಈ ಬೆಚ್ಚಗಿನ ಊರಿಗೆ ಬಂದೆವು. ಎರಡೂ ಊರಿನ ಹೆಸರು ಬೇಕೆಂತಲೇ ಹೇಳುತ್ತಿಲ್ಲ. ಹೇಳಿದರೆ ಯಾವ ಊರು ಮೇಲು ಅನ್ನುವ ಜಗಳ ಶುರುವಾಗುತ್ತದೆ, ಚಳಿಯ ಮಾತು ಹಿಂದೆ ಬೀಳುತ್ತದೆ.

ಅಲ್ಲಿನ ಚಳಿ ಸುಳ್ಳಲ್ಲ. ಮೈನಸ್ 27ರಲ್ಲಿ ಹೊರಗೆ ನಿಂತರೆ ಮೂಗಿನೊಳಗಿನ ತೇವ ಮೊದಲ ಉಸಿರಿಗೇ ಗಟ್ಟಿಯಾಗುತ್ತದೆ. ರೆಪ್ಪೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರಾತ್ರಿ ಕಾರಿನ ಎಂಜಿನ್ನಿಗೂ ವೈರು ಎಳೆದು ಪ್ಲಗ್ ಚುಚ್ಚಿ ಬಿಸಿ ಮಾಡಬೇಕು, ಇಲ್ಲದಿದ್ದರೆ ಬೆಳಗ್ಗೆ ಅದು ಏಳುವುದಿಲ್ಲ. ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಲ್ಲೇ ಕಚ್ಚಿಕೊಳ್ಳುತ್ತದೆ. ಒಮ್ಮೆ ಸ್ಪ್ಯಾನರ್ ಹಿಡಿದು ಈ ಪಾಠ ಕಲಿತೆ, ಹೆಬ್ಬೆರಳಿನ ಮೇಲೆ ಗುರುತು ಇನ್ನೂ ಇದೆ.

ಆದರೆ ಆ ಚಳಿ ಇರುವುದು ಬಾಗಿಲ ಆಚೆ. ಬಾಗಿಲು ತೆಗೆದು ಒಳಗೆ ಬಂದರೆ ಒಂದು ಚಿಕ್ಕ ಗೂಡಿನಂಥ ಜಾಗ ಸಿಗುತ್ತದೆ. ಬೂಟು, ಕೋಟು ಅಲ್ಲಿ ಕಳಚುತ್ತೀರಿ. ಇನ್ನೊಂದು ಬಾಗಿಲು ತೆಗೆದರೆ ಒಳಗೆ 21 ಡಿಗ್ರಿ. ಕಿಟಕಿಗೆ ಎರಡು ಪದರ ಗಾಜು, ಕೆಲವು ಕಡೆ ಮೂರು. ಗೋಡೆಯೊಳಗೆ ಗೇಣುದ್ದ ಹತ್ತಿಯಂಥ ವಸ್ತು ತುಂಬಿರುತ್ತಾರೆ. ಮೈನಸ್ 27ರ ಊರಿನಲ್ಲಿ ನಾನು ಹದಿನೇಳು ವರ್ಷವೂ ಮನೆಯೊಳಗೆ ಅರ್ಧ ತೋಳಿನ ಅಂಗಿಯಲ್ಲೇ ಇದ್ದೆ. ನಿಜ ಹೇಳಬೇಕೆಂದರೆ ದಿನದಲ್ಲಿ ಒಂದೂವರೆ ಗಂಟೆ ಮಾತ್ರ ಚಳಿ, ಉಳಿದ ಇಪ್ಪತ್ತೆರಡೂವರೆ ಗಂಟೆ ಬೇಸಿಗೆ. ಅಲ್ಲಿ ಕಷ್ಟವಾಗುತ್ತಿದ್ದುದು ಒಣ ಹವೆ. ಅಷ್ಟು ತಣ್ಣಗಿನ ಗಾಳಿಯಲ್ಲಿ ನೀರಿನಂಶವೇ ಇರುವುದಿಲ್ಲ. ಅದನ್ನೇ ಒಳಗೆ ತಂದು ಬಿಸಿ ಮಾಡಿದರೆ ತೇವಾಂಶ ಶೇ 20ಕ್ಕಿಂತ ಕೆಳಗೆ ಇಳಿಯುತ್ತದೆ. ತುಟಿ ಬಿರಿಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಕಿಡಿ ಹಾರುತ್ತದೆ.

ನನ್ನ ಕೆಲಸದಲ್ಲಿ ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತಿತ್ತು. 'ಮನೆಯೊಳಗೆ 18 ಆಗಿದೆ, ಮಕ್ಕಳಿದ್ದಾರೆ, ಬೇಗ ಬನ್ನಿ.' 18 ಅಂದರೆ ತುರ್ತು ಪರಿಸ್ಥಿತಿ. ನಾನು ಬೂಟು ಹಾಕಿಕೊಂಡು, ಹಿಮದಲ್ಲಿ ವ್ಯಾನ್ ಓಡಿಸಿಕೊಂಡು ಹೋಗುತ್ತಿದ್ದೆ. ಈ 18ನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಇಲ್ಲಿಗೆ ಬಂದ ಮೊದಲ ಚಳಿಗಾಲ ನನ್ನ ಠೀವಿ ನೋಡಬೇಕಿತ್ತು. ಬೆಳಗ್ಗೆ ಆರಕ್ಕೆ ಬನಿಯನ್ನಿನಲ್ಲಿ ವಾಕಿಂಗ್. ಎದುರು ಸಿಕ್ಕವರು ಕಿವಿಗೆ ಮಫ್ಲರ್ ಬಿಗಿದುಕೊಂಡು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡುತ್ತಿದ್ದರು. ನಾನೋ 'ಇದೆಲ್ಲ ಚಳಿಯೇ ಅಲ್ಲ ಬಿಡಿ' ಅಂತ ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇ ಹೇಳಿದ್ದು. ಮಾವ ಎರಡು ಸ್ವೆಟರ್ ಹಾಕಿಕೊಂಡು ಕೂತರೆ, 'ಏನು ಮಾವ, ಹಿಮಾಲಯಕ್ಕೆ ಹೊರಟಿರಾ' ಅಂತ ಚುಡಾಯಿಸುತ್ತಿದ್ದೆ. ಅವರು ನಕ್ಕು ಸುಮ್ಮನಾಗುತ್ತಿದ್ದರು.

ಎರಡನೇ ಚಳಿಗಾಲಕ್ಕೆ ಠೀವಿ ಅರ್ಧ ಇಳಿಯಿತು. ಮೂರನೆಯದಕ್ಕೆ ನಾನೇ ಒಂದು ಸ್ವೆಟರ್ ತೊಟ್ಟೆ. ಮೈ ಚಳಿಗೆ ಒಗ್ಗುವುದೂ ನಿಜ, ಒಗ್ಗಿದ್ದನ್ನು ಮರೆಯುವುದೂ ಅಷ್ಟೇ ನಿಜ. ಪದೇ ಪದೇ ತಣ್ಣಗಿನ ಗಾಳಿಗೆ ಒಡ್ಡಿಕೊಂಡ ಮೈ ನಡುಗುವುದನ್ನು ಕಡಿಮೆ ಮಾಡುತ್ತದೆ. ದೊಡ್ಡವರ ಮೈಯಲ್ಲೂ ಕಂದು ಕೊಬ್ಬು ಅನ್ನುವುದೊಂದು ಇದೆ, ಅದು ಉರಿದು ಶಾಖ ಕೊಡುತ್ತದೆ. ಅದು ಎಳೆ ಮಕ್ಕಳಲ್ಲಿ ಮಾತ್ರ ಮುಖ್ಯ ಅಂತ ಬಹಳ ಕಾಲ ನಂಬಿದ್ದರು. ದೊಡ್ಡವರಲ್ಲೂ ಅದು ಕೆಲಸ ಮಾಡುತ್ತದೆ ಅಂತ ಖಚಿತವಾಗಿದ್ದು 2009ರಲ್ಲಿ. ಚಳಿಗೆ ಒಡ್ಡಿಕೊಳ್ಳುವುದು ನಿಂತರೆ ಅದರ ಚುರುಕೂ ಇಳಿಯುತ್ತದೆ. ಹಿಮದ ಊರಿನವನು ಅನ್ನುವ ನನ್ನ ಬಿರುದಿನ ವಾಯಿದೆ ಹೀಗೆ ಮುಗಿಯಿತು.

ಆದರೆ ಮೈ ಮರೆತದ್ದು ಒಂದೇ ಕಾರಣವಲ್ಲ. ಹಳೆ ಅಭ್ಯಾಸದಂತೆ ನಾನು ಮನೆಯಲ್ಲಿ ಮೂರು ಥರ್ಮಾಮೀಟರ್ ತೂಗು ಹಾಕಿದ್ದೇನೆ. ಒಂದು ಹೊರಗೆ ನೆರಳಿನಲ್ಲಿ, ಒಂದು ನಡುಮನೆಯಲ್ಲಿ, ಒಂದು ಮಾವನ ಕೋಣೆಯಲ್ಲಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಹೆಂಡತಿ ಅದಕ್ಕೆ ಪಂಚಾಂಗ ಅಂತ ಹೆಸರಿಟ್ಟಿದ್ದಾಳೆ. ಆ ಪಂಚಾಂಗದಲ್ಲಿ ಒಂದು ವಿಚಿತ್ರ ಕಂಡಿತು. ಮಧ್ಯಾಹ್ನ ಹೊರಗೆ 22 ಇದ್ದರೆ ಒಳಗೆ 16! ಹೊರಗೆ ಬಿಸಿಲು ಕಾಯುತ್ತಾ ಕೂತವರು ಆರಾಮಾಗಿದ್ದಾರೆ, ಮನೆಯೊಳಗೆ ಹೋದರೆ ಚಳಿ. ಹಿಮದ ಊರಿನಲ್ಲಿ ಚಳಿಗೆ ಹೆದರಿ ಒಳಗೆ ಓಡುತ್ತಾರೆ, ಇಲ್ಲಿ ಹೊರಗೆ ಓಡಬೇಕು.

ಕಾರಣ ಸರಳ. ಈ ಮನೆಗಳನ್ನು ಕಟ್ಟಿರುವುದು ಬೇಸಿಗೆಗೆ. ಎತ್ತರದ ಸೂರು, ಕಲ್ಲಿನದೋ ಟೈಲ್ಸಿನದೋ ನೆಲ, ಗಾಳಿ ಆಡಲಿ ಅಂತ ಎಲ್ಲ ಕಡೆ ಕಿಂಡಿ, ಒಂದೇ ಪದರದ ಗಾಜು. ವರ್ಷದಲ್ಲಿ ಒಂಬತ್ತು ತಿಂಗಳು ಅದು ಸರಿಯೇ. ಉಳಿದ ಮೂರು ತಿಂಗಳು ದಪ್ಪ ಗೋಡೆ ರಾತ್ರಿಯೆಲ್ಲ ತಣ್ಣಗಾಗಿ, ಹಗಲೆಲ್ಲ ಆ ತಂಪನ್ನು ಒಳಗೆ ಬಿಡುತ್ತಾ ಕೂತಿರುತ್ತದೆ. ಸುಮ್ನೆ ಕೂತ ಮನುಷ್ಯನ ಮೈಯಿಂದ ಹೆಚ್ಚುಕಡಿಮೆ 100 ವ್ಯಾಟ್ ಶಾಖ ಹೊರಗೆ ಹೋಗುತ್ತಿರುತ್ತದೆ, ಹಳೆ ಕಾಲದ ಒಂದು ಬಲ್ಬಿನಷ್ಟು. ಸುತ್ತ ಇರುವ ಗೋಡೆ ತಣ್ಣಗಿದ್ದರೆ ನಡುವೆ ಗಾಳಿ ಎಷ್ಟೇ ಬೆಚ್ಚಗಿದ್ದರೂ ಮೈ ತನ್ನ ಶಾಖವನ್ನು ಆ ಗೋಡೆಗೆ ಕೊಡುತ್ತಲೇ ಇರುತ್ತದೆ. ಗೋಡೆ ಪಕ್ಕದ ಮಂಚದಲ್ಲಿ ಮಲಗಿದವರಿಗೆ ಒಂದೇ ಮಗ್ಗುಲು ತಣ್ಣಗೆ ಅನ್ನಿಸುವುದು ಅದಕ್ಕೇ.

ನೆಲದ್ದು ಇನ್ನೊಂದು ಮಜಾ. ಕೆಲಸದ ಕಾಲದ ಇನ್‌ಫ್ರಾರೆಡ್ ಥರ್ಮಾಮೀಟರ್ ನನ್ನ ಹತ್ತಿರ ಇನ್ನೂ ಇದೆ. ಪಿಸ್ತೂಲಿನ ಹಾಗೆ ಗುರಿ ಹಿಡಿದರೆ ಅಲ್ಲಿನ ಬಿಸಿ ಎಷ್ಟು ಅಂತ ತೋರಿಸುತ್ತದೆ. ಒಂದು ಬೆಳಗ್ಗೆ ಟೈಲ್ಸಿಗೆ ಹಿಡಿದೆ, 15. ಅದರ ಮೇಲೇ ಇದ್ದ ಮರದ ಮಣೆಗೆ ಹಿಡಿದೆ, ಅದೂ 15. ಒಂದು ಕಾಲು ಟೈಲ್ಸಿನ ಮೇಲೆ, ಒಂದು ಕಾಲು ಮಣೆಯ ಮೇಲೆ ಇಟ್ಟು ನಿಂತೆ. ಟೈಲ್ಸಿನ ಮೇಲಿನ ಕಾಲು ಮಂಜುಗಡ್ಡೆ, ಮಣೆಯ ಮೇಲಿನದು ಆರಾಮ. ಡಿಗ್ರಿ ಎರಡಕ್ಕೂ ಒಂದೇ. ಕಲ್ಲು ಶಾಖವನ್ನು ಸರಸರನೆ ಎಳೆದುಕೊಳ್ಳುತ್ತದೆ, ಮರ ನಿಧಾನಕ್ಕೆ. ಎಷ್ಟು ಡಿಗ್ರಿ ಅನ್ನುವುದೊಂದನ್ನೇ ಹಿಡಿದುಕೊಂಡು ಇವರಿಗೆ ಚಳಿ ಆಗಬಾರದು, ಅವರಿಗೆ ಆಗಬಹುದು ಅಂತ ತೀರ್ಪು ಕೊಡುವವರು ಒಮ್ಮೆ ಹೀಗೆ ನಿಂತು ನೋಡಲಿ.

ಇನ್ನು ಬಟ್ಟೆ. ಮೋಡ ಮಂಜು ಕವಿದ ದಿನ ಒಗೆದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಒಣಗಿದೆ ಅಂತ ಹಾಕಿಕೊಂಡರೆ ಒಳಗೆ ಒಂದು ತಂಪು. ಹೊದಿಕೆಗೂ ಅದೇ ತಂಪು. ಒದ್ದೆ ಬಟ್ಟೆ ಮೈಯ ಬಿಸಿಯನ್ನು ಹಿಡಿದಿಡುವುದಿಲ್ಲ, ಸೋರಿಸುತ್ತದೆ. ಮೈನಸ್ 20ರ ಒಣ ಹಿಮ ಕೋಟಿನ ಮೇಲೆ ಬಿದ್ದರೆ ಕೊಡವಿದರೆ ಸಾಕು, ಉದುರಿ ಹೋಗುತ್ತದೆ. 8 ಡಿಗ್ರಿಯ ಜಿಟಿಜಿಟಿ ಮಳೆ ಕೊಡವಿದರೆ ಹೋಗುವುದಿಲ್ಲ, ಅಲ್ವಾ?

ಈಗ ಮಾವನ ವಿಷಯಕ್ಕೆ ಬರುತ್ತೇನೆ.

ಅವರಿಗೆ 78. ಮೂರನೇ ಚಳಿಗಾಲ. ಆ ವಾರ ಆಕಾಶ ಗಾಜಿನ ಹಾಗೆ ತಿಳಿಯಾಗಿತ್ತು, ಗಾಳಿ ಇರಲಿಲ್ಲ. ಇಂಥ ರಾತ್ರಿಗಳೇ ಜಾಸ್ತಿ ತಣ್ಣಗಾಗುವುದು. ಮೋಡ ಇದ್ದರೆ ಅದು ಹೊದಿಕೆಯ ಹಾಗೆ ನೆಲದ ಬಿಸಿಯನ್ನು ತಡೆಯುತ್ತದೆ, ಇಲ್ಲದಿದ್ದರೆ ರಾತ್ರಿಯಿಡೀ ಬಿಸಿ ಮೇಲಕ್ಕೆ ಹೋಗುತ್ತಲೇ ಇರುತ್ತದೆ. ಅತಿ ಹೆಚ್ಚು ಚಳಿ ನಡುರಾತ್ರಿಯಲ್ಲಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ. ಹೊರಗೆ 6 ಡಿಗ್ರಿಗೆ ಇಳಿದಿತ್ತು. ಮಾವನ ಕೋಣೆಗೆ ಬಿಸಿಲೇ ಬೀಳುವುದಿಲ್ಲ. ಅಲ್ಲಿ 13.

ಬೆಳಗ್ಗೆ ಏಳಕ್ಕೆ ಎಬ್ಬಿಸಲು ಹೋದೆ. ಕಣ್ಣು ಬಿಟ್ಟಿದ್ದರು. ನನ್ನನ್ನು ನೋಡಿ ತಮ್ಮ ತಮ್ಮನ ಹೆಸರು ಹಿಡಿದು ಕರೆದರು. ಆ ತಮ್ಮ ತೀರಿಕೊಂಡು ಬಹಳ ವರ್ಷವಾಗಿದೆ. ಮಾತು ತೊದಲುತ್ತಿತ್ತು. ಎಬ್ಬಿಸಿ ನಿಲ್ಲಿಸಿದರೆ ಕಾಲು ನಿಲ್ಲಲಿಲ್ಲ. ಪಾರ್ಶ್ವವಾಯು ಅಂದುಕೊಂಡೆವು. ಕೈ ಮುಟ್ಟಿದೆ, ತಣ್ಣಗಿತ್ತು, ಚಳಿಗಾಲವಲ್ಲವಾ ಅಂದುಕೊಂಡೆ. ಹೊದಿಕೆಯೊಳಗೆ ಹೊಟ್ಟೆ ಮುಟ್ಟಿದೆ. ಅದೂ ತಣ್ಣಗಿತ್ತು. ಆಗ ಎದೆ ಧಸಕ್ಕೆಂದಿತು. ಮನೆಯಲ್ಲಿ ಹಳೆಯ ಪಾದರಸದ ಥರ್ಮಾಮೀಟರ್ ಒಂದಿತ್ತು. ಕಂಕುಳಲ್ಲಿಟ್ಟು ಐದು ನಿಮಿಷ ಕಾದೆ. ಪಾದರಸ ಮೇಲೇಳಲೇ ಇಲ್ಲ. ಥರ್ಮಾಮೀಟರ್ ಕೆಟ್ಟಿದೆ ಅಂತ ಬದಿಗಿಟ್ಟೆ. ಅದು ಕೆಟ್ಟಿರಲಿಲ್ಲ. ಅದರ ಗೆರೆಗಳು ಶುರುವಾಗುವುದೇ 35ರಿಂದ. ಮಾವ ಅದಕ್ಕಿಂತ ಕೆಳಗಿದ್ದರು.

ಆಸ್ಪತ್ರೆಯಲ್ಲಿ ನೋಡಿದಾಗ 33.8. ಮೈಯ ಒಳಗಿನ ಬಿಸಿ 35ಕ್ಕಿಂತ ಕೆಳಗಿಳಿದರೆ ಅದಕ್ಕೆ ಹೈಪೋಥರ್ಮಿಯಾ ಅನ್ನುತ್ತಾರೆ. ಹಿಮದಲ್ಲಿ ದಾರಿ ತಪ್ಪಿದವರಿಗೆ ಆಗುವುದು ಅಂತ ನಾನು ತಿಳಿದಿದ್ದ ಕಾಯಿಲೆ. ಹದಿನೇಳು ವರ್ಷ ಹಿಮದಲ್ಲಿದ್ದು ಒಬ್ಬರಿಗೂ ಆಗಿದ್ದನ್ನು ಕಣ್ಣಾರೆ ಕಾಣದವನು, ಅದನ್ನು ಬೆಚ್ಚಗಿನ ಊರಿನಲ್ಲಿ, ನನ್ನದೇ ಮನೆಯಲ್ಲಿ, ಎರಡು ಹೊದಿಕೆಯ ಕೆಳಗೆ ಕಂಡೆ. 'ನಡುಗುತ್ತಿರಲಿಲ್ಲವಲ್ಲ ಡಾಕ್ಟ್ರೇ' ಅಂದೆ. ವಯಸ್ಸಾದವರಲ್ಲಿ ನಡುಕವೇ ಕಡಿಮೆ, ಚಳಿಯಾಗುತ್ತಿದೆ ಅನ್ನುವುದೂ ಅವರಿಗೆ ಸರಿಯಾಗಿ ಗೊತ್ತಾಗುವುದಿಲ್ಲ, ಅದರ ಮೇಲೆ ನಿದ್ದೆ ಮಾತ್ರೆ ಬೇರೆ ತೆಗೆದುಕೊಂಡಿದ್ದಾರೆ ಅಂದರು. ನಿಧಾನವಾಗಿ ಬೆಚ್ಚಗೆ ಮಾಡಿದರು. ಕೈಕಾಲು ಉಜ್ಜಬೇಡಿ ಅಂತ ನನಗೆ ಗದರಿದರು. ನಾನು ಆಗಲೇ ದಾರಿಯುದ್ದಕ್ಕೂ ಉಜ್ಜಿಕೊಂಡು ಬಂದಿದ್ದೆ. ನಾಲ್ಕನೇ ದಿನ ಮಾವ ಮನೆಗೆ ಬಂದರು. ಬಂದವರೇ ಕೇಳಿದ್ದು, 'ಹಿಮಾಲಯದಿಂದ ಇಳಿದು ಬಂದೆ, ನನ್ನ ಎರಡನೇ ಸ್ವೆಟರ್ ಎಲ್ಲಿ?'

ಅವತ್ತಿನಿಂದ ನಾನು ಈ ವಿಷಯ ಹುಡುಕಿ ಓದಲು ಶುರು ಮಾಡಿದೆ. ಓದಿದ್ದರಲ್ಲಿ ಎರಡು ಮಾತು ಇಲ್ಲಿ ಹೇಳಲೇಬೇಕು.

1997ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಯೂರೋವಿಂಟರ್ ಅನ್ನುವ ಗುಂಪಿನ ಅಧ್ಯಯನ ಬಂತು. ಯೂರೋಪಿನ ತಣ್ಣಗಿನ ಮತ್ತು ಬೆಚ್ಚಗಿನ ಪ್ರದೇಶಗಳನ್ನು ಹೋಲಿಸಿ ನೋಡಿದ್ದರು. ಹೊರಗಿನ ಬಿಸಿ ಒಂದೊಂದು ಡಿಗ್ರಿ ಇಳಿದಾಗಲೂ ಸಾವು ಹೆಚ್ಚು ಏರುತ್ತಿದ್ದುದು ಬೆಚ್ಚಗಿನ ಪ್ರದೇಶಗಳಲ್ಲಿ. ಹೊರಗೆ ಅದೇ 7 ಡಿಗ್ರಿ ಇದ್ದಾಗ ದಕ್ಷಿಣ ಫಿನ್ಲೆಂಡಿನ ಮನೆಗಳ ನಡುಮನೆಯಲ್ಲಿ 21.7 ಡಿಗ್ರಿ, ಗ್ರೀಸಿನ ಅಥೆನ್ಸಿನಲ್ಲಿ 19.2. ಹೊರಗೆ ಹೋಗುವಾಗ ಟೋಪಿ ಹಾಕಿಕೊಂಡವರು ಫಿನ್ಲೆಂಡಿನಲ್ಲಿ ಶೇ 72, ಅಥೆನ್ಸಿನಲ್ಲಿ ಶೇ 13. ಅಂದರೆ ಚಳಿಯನ್ನು ಚಳಿ ಅಂತ ಒಪ್ಪಿಕೊಂಡು ಟೋಪಿ ಹಾಕಿದ ಊರಿನವರೇ ಕ್ಷೇಮ. ಈಗ ಹೇಳಿ, ಕುಲಾವಿ ಹಾಕಿದವರನ್ನು ನೋಡಿ ನಗಬೇಕಾ?

ಇನ್ನೊಂದು 2015ರದ್ದು, ಅದೂ ಲ್ಯಾನ್ಸೆಟ್ಟಿನಲ್ಲೇ. 13 ದೇಶಗಳ 7.4 ಕೋಟಿ ಸಾವುಗಳ ಲೆಕ್ಕ ತೆಗೆದುಕೊಂಡು ಹವೆಯ ಪಾಲು ಎಷ್ಟು ಅಂತ ನೋಡಿದರು. ಸೆಕೆಯ ಪಾಲು ಶೇ 0.42. ಚಳಿಯ ಪಾಲು ಶೇ 7.29. ಅದರಲ್ಲೂ ಹೆಚ್ಚಿನವು ಕಡು ಚಳಿಯ ದಿನಗಳದ್ದಲ್ಲ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ, ಸುದ್ದಿಯಾಗದ, 'ಸ್ವಲ್ಪ ಚಳಿ ಇದೆ' ಅನ್ನುವ ದಿನಗಳದ್ದು. ಚಳಿಗೆ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಸಾವಿನ ಕಾರಣ ಬರೆಯುವಾಗ ಹೃದಯಾಘಾತ ಅಂತ ಬರೆಯುತ್ತಾರೆ, ಚಳಿಯ ಹೆಸರು ಎಲ್ಲೂ ಬರುವುದಿಲ್ಲ.

ಆ 18 ನೆನಪಿದೆಯಾ? ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮನೆಗಳ ಬಗ್ಗೆ ಕೊಟ್ಟ ಸಲಹೆಯಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಇರಬೇಕಾದದ್ದು 18 ಡಿಗ್ರಿ ಅಂತ ಹೇಳಿದೆ. ವಯಸ್ಸಾದವರು, ಕಾಯಿಲೆಯವರು, ಮಕ್ಕಳು ಇದ್ದರೆ ಇನ್ನೂ ಸ್ವಲ್ಪ ಮೇಲಿರಬೇಕಾಗಬಹುದು. ಅಲ್ಲಿ 18 ಆದರೆ ರಾತ್ರಿ ಎರಡಕ್ಕೆ ಫೋನ್ ಬರುತ್ತಿತ್ತು. ಇಲ್ಲಿ 13ರಲ್ಲಿ ಮಾವ ಮಲಗಿದ್ದರು, ಯಾರಿಗೂ ಫೋನ್ ಹೋಗಲಿಲ್ಲ. ಬಾಯ್ಲರ್ ರಿಪೇರಿ ಮಾಡುತ್ತಿದ್ದ ನಾನೇ ಆಚೆ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಗಾಳಿಯ ವಿಷಯವೂ ಸ್ವಲ್ಪ ಇದೆ. ಹಿಮದ ಊರುಗಳಲ್ಲಿ ಹವಾ ವರದಿ ಹೇಳುವಾಗ ಎರಡು ಅಂಕಿ ಹೇಳುತ್ತಾರೆ. ಒಂದು ಥರ್ಮಾಮೀಟರಿನದು, ಇನ್ನೊಂದು ಗಾಳಿ ಸೇರಿದಾಗ ಮುಖಕ್ಕೆ ಅನ್ನಿಸುವ ಚಳಿ. ಪಾಲ್ ಸೈಪಲ್, ಚಾರ್ಲ್ಸ್ ಪಾಸೆಲ್ ಅನ್ನುವ ಇಬ್ಬರು ಅಂಟಾರ್ಕ್ಟಿಕಾದಲ್ಲಿ ಕೊಳವೆಯಲ್ಲಿ ನೀರಿಟ್ಟು, ಗಾಳಿ ಬೀಸಿದಾಗ ಅದು ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ನೋಡಿ, 1945ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದರು. 2001ರಲ್ಲಿ ಅಮೆರಿಕ, ಕೆನಡಾ ಅದನ್ನು ತಿದ್ದಿ ಹೊಸ ಸೂತ್ರ ತಂದವು. ಮೈನಸ್ 10ರಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಮೈನಸ್ 20ರಷ್ಟು ಚಳಿ ಅನ್ನಿಸುತ್ತದೆ. ಸರಿ, ಈ ಸೂತ್ರಕ್ಕೂ ಬೆಚ್ಚಗಿನ ಊರಿಗೂ ಏನು ಸಂಬಂಧ? ಬೆಳಗ್ಗೆ ಐದಕ್ಕೆ ನಿಮ್ಮ ಪತ್ರಿಕೆಯನ್ನೇ ಹಂಚುವ ಹುಡುಗ ಬೈಕಿನಲ್ಲಿ ಬರುತ್ತಾನೆ. ಹೊರಗೆ 9 ಡಿಗ್ರಿ. ಅವನು 50ರ ವೇಗದಲ್ಲಿ ಬಂದರೆ ಅದು 50 ಕಿ.ಮೀ. ವೇಗದ ಗಾಳಿಗೆ ಮುಖ ಒಡ್ಡಿ ನಿಂತ ಹಾಗೆ. ಅದೇ ಸೂತ್ರಕ್ಕೆ ಹಾಕಿದೆ. 4 ಡಿಗ್ರಿ ಬಂತು. ಅವನ ಮೈಮೇಲೆ ಇದ್ದುದು ಒಂದು ತೆಳು ಜಾಕೆಟ್, ಕೈಗೆ ಏನೂ ಇಲ್ಲ. ಹಿಮದ ಊರಿನಲ್ಲಿ ನನ್ನ ಹತ್ತಿರ ಮೂರು ಜೊತೆ ಕೈಗವಸು ಇದ್ದವು. ಅವು ಇಲ್ಲಿ ಪೆಟ್ಟಿಗೆಯ ತಳದಲ್ಲಿದ್ದವು. ಈಗ ಒಂದು ಜೊತೆ ಅವನ ಕೈಯಲ್ಲಿದೆ.

ಬೆಚ್ಚಗಿನ ಊರಿನ ಚಳಿಗಾಲವನ್ನು ಬರೀ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಇಲ್ಲಿನ ಬೆಳಗಿನ ಹತ್ತು ಗಂಟೆಯ ಬಿಸಿಲಿಗೆ ನಾನು ಏನು ಬೇಕಾದರೂ ಕೊಡುತ್ತೇನೆ. ಉತ್ತರಕ್ಕೆ 60 ಡಿಗ್ರಿ ಅಕ್ಷಾಂಶದ ಊರುಗಳಲ್ಲಿ ಡಿಸೆಂಬರ್ ಕೊನೆಗೆ ಹಗಲು ಆರು ಗಂಟೆಗೂ ಕಡಿಮೆ. ಕೆಲಸಕ್ಕೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಆ ಕತ್ತಲೆಗೆ ಮನಸ್ಸು ಕುಗ್ಗುವುದು ಒಂದು ಕಾಯಿಲೆಯೇ. ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು 1984ರಲ್ಲಿ ಅದಕ್ಕೊಂದು ಹೆಸರಿಟ್ಟು ವಿವರಿಸಿದರು. ನಾನೂ ಎರಡು ವರ್ಷ ಅದರಲ್ಲಿ ನರಳಿದವನೇ. ಇಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತರೆ ಆ ನೆನಪು ಕರಗುತ್ತದೆ.

ಹಿಮ ನೆನಪಾಗುವುದಿಲ್ಲವಾ ಅಂದರೆ, ಆಗುತ್ತದೆ. ಅದರ ಮೌನ. ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುತ್ತದೆ. ಆ ಪುಟ್ಟ ಪುಟ್ಟ ಸಂದುಗಳು ಸದ್ದನ್ನು ನುಂಗುತ್ತವೆ. ರಾತ್ರಿ ಹಿಮ ಬಿದ್ದಿದೆ ಅಂತ ಬೆಳಗ್ಗೆ ಕಣ್ಣು ಬಿಡುವ ಮೊದಲೇ ಕಿವಿಗೆ ಗೊತ್ತಾಗುತ್ತಿತ್ತು. ಬರುವಾಗ ಅಲ್ಲಿಂದ ಆರು ಟುಲಿಪ್ ಗೆಡ್ಡೆ ತಂದಿದ್ದೆ. ಅವಕ್ಕೆ ಹೂ ಬಿಡಬೇಕಾದರೆ ಮೂರು ತಿಂಗಳು ಒಳ್ಳೆ ಚಳಿ ಬೇಕು. ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ ಮಲಗಿಸಿದೆ. ಅತ್ತೆ ಈರುಳ್ಳಿ ಅಂತ ಎರಡನ್ನು ಹೆಚ್ಚಿಬಿಟ್ಟರು. ಪುಣ್ಯಕ್ಕೆ ಒಗ್ಗರಣೆಗೆ ಹಾಕುವ ಮೊದಲು ನೋಡಿದೆ, ಅವು ತಿನ್ನುವಂಥವಲ್ಲ. ಉಳಿದ ನಾಲ್ಕರಲ್ಲಿ ಮೂರು ಹೂ ಬಿಟ್ಟವು. ಮಾವ ದಿನಾ ಹೋಗಿ ಮಾತಾಡಿಸುತ್ತಿದ್ದರು, 'ನಿಮಗೂ ಚಳಿನಾ?'

ಈಗ ಮನೆಯಲ್ಲಿ ಏನು ಮಾಡಿದ್ದೇವೆ ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ದೊಡ್ಡ ಖರ್ಚಿನದು ಏನೂ ಇಲ್ಲ. ಮಾವನನ್ನು ಬಿಸಿಲು ಬೀಳುವ ಕೋಣೆಗೆ ಕಳಿಸಿ, ಆ ಕತ್ತಲ ಕೋಣೆ ನಾನು ತೆಗೆದುಕೊಂಡೆ. ಮಂಚವನ್ನು ಹೊರಗೋಡೆಯಿಂದ ಒಂದು ಮೊಳ ಈಚೆ ಎಳೆದೆ. ಬಾಗಿಲ ಕೆಳಗಿನ ಸಂದಿಗೆ ಹಳೆ ಬಟ್ಟೆ ಸುರುಳಿ ಸುತ್ತಿ ಇಟ್ಟೆವು. ಬಿಸಿಲಿರುವಾಗ ಪರದೆ ಪೂರ್ತಿ ತೆಗೆಯುವುದು, ಸೂರ್ಯ ಮುಳುಗುವ ಮೊದಲೇ ದಪ್ಪ ಪರದೆ ಎಳೆಯುವುದು, ಇದಿಷ್ಟರಿಂದಲೇ ಬೆಳಗ್ಗೆ ಎರಡು ಡಿಗ್ರಿ ಉಳಿಯುತ್ತದೆ ಅಂತ ನನ್ನ ಪಂಚಾಂಗ ಹೇಳುತ್ತದೆ. ಕಾಲು ಇಡುವ ಕಡೆಯೆಲ್ಲ ಚಾಪೆ. ಹೊದಿಕೆ ಮೇಲಷ್ಟೇ ಅಲ್ಲ, ಹಾಸಿಗೆಯ ಮೇಲೂ ಒಂದು ಕಂಬಳಿ, ಯಾಕಂದರೆ ಚಳಿ ಕೆಳಗಿನಿಂದಲೂ ಏರುತ್ತದೆ. ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ಸಡಿಲ ಬಟ್ಟೆ ಮೇಲು, ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುವುದು. ಮಲಗುವಾಗಲೂ ತಲೆಗೆ ಟೋಪಿ, ಕಾಲಿಗೆ ಸಾಕ್ಸ್. ಬಹಳ ಚಳಿಯ ರಾತ್ರಿ ಮಲಗುವ ಮುಂಚೆ ಒಂದು ಗಂಟೆ ಕರೆಂಟ್ ಹೀಟರ್, ಹೊದಿಕೆ ತಾಗದಷ್ಟು ದೂರದಲ್ಲಿ. ಮಲಗಿದ ಮೇಲೆ ಆಫ್.

ಕೆಂಡದ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಹೋದ ವರ್ಷ ನಮ್ಮ ಬೀದಿಯ ಒಂದು ಮನೆಯಲ್ಲಿ ಕೋಣೆಯೊಳಗೆ ಇದ್ದಿಲ ಕೆಂಡ ಇಟ್ಟು, ಕಿಟಕಿ ಬಾಗಿಲು ಎಲ್ಲ ಮುಚ್ಚಿ ಮಲಗಲು ಹೊರಟಿದ್ದರು. ಮಾತಿನ ನಡುವೆ ಗೊತ್ತಾಗಿ ನಾನು ಚಪ್ಪಲಿ ಕೂಡ ಹಾಕದೆ ಓಡಿದೆ. ಕೆಂಡದಿಂದ ಬರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹಿಡಿಯುವ ಜಾಗಕ್ಕೆ ಅದು 200 ಪಟ್ಟಿಗಿಂತ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತೂಕಡಿಕೆ, ಆಮೇಲೆ ಏಳುವುದಿಲ್ಲ. ಹಿಮದ ಊರಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಪ್ರತಿ ಬಾಯ್ಲರಿನ ಹತ್ತಿರವೂ ಆ ಅನಿಲಕ್ಕೆ ಕೂಗುವ ಅಲಾರಂ ಇತ್ತು. ಇಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಆಗಿದ್ದೂ ಇದೇ. ಬೇಸಿಗೆಗೆ ಕಟ್ಟಿದ ಮನೆಗಳ ಮೇಲೆ ಹಿಮ ಬಿತ್ತು, ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು, ಪೈಪುಗಳು ಒಡೆದವು. ಜನ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟುಕೊಂಡು, ಮನೆಯೊಳಗೆ ಇದ್ದಿಲು ಉರಿಸಿಕೊಂಡು ಬೆಚ್ಚಗಾಗಲು ಹೋದರು. ಆ ರಾಜ್ಯ ಸರ್ಕಾರದ ಲೆಕ್ಕದಲ್ಲೇ ಸತ್ತವರು 246. ಬಹಳಷ್ಟು ಮಂದಿ ಹೈಪೋಥರ್ಮಿಯಾದಿಂದ, ಕೆಲವರು ಈ ಅನಿಲದಿಂದ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಹವಾಮಾನದ ಅಂಕಣದಲ್ಲಿ ಗರಿಷ್ಠ, ಕನಿಷ್ಠ ಅಂತ ಎರಡು ಅಂಕಿ ಹಾಕುತ್ತೀರಿ. ಚಳಿಗಾಲದ ಮೂರು ತಿಂಗಳು ಅದರ ಪಕ್ಕದಲ್ಲಿ ಗಾಳಿಯ ವೇಗ, ತೇವಾಂಶ ಹಾಕಿ. ಕನಿಷ್ಠ 10ಕ್ಕಿಂತ ಕೆಳಗೆ ಇಳಿಯುವ ದಿನ, ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಕೋಣೆಯ ಬಿಸಿ ನೋಡಿ, ಬೆಳಗ್ಗೆ ಬೇಗ ಎಬ್ಬಿಸಿ ಮಾತಾಡಿಸಿ, ಮಾತು ತೊದಲಿದರೆ, ಹೊಟ್ಟೆ ತಣ್ಣಗಿದ್ದರೆ ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ ಅಂತ ಎರಡು ಸಾಲು ಸೇರಿಸಿ. ಸೆಕೆಗಾಲದಲ್ಲಿ ನೀರು ಕುಡಿಯಿರಿ, ನೆರಳಲ್ಲಿರಿ ಅಂತ ಹಾಕುತ್ತೀರಲ್ಲ, ಹಾಗೆಯೇ. ಇನ್ನು ಕಳೆದ ವಾರದ ಪತ್ರ ಬರೆದವರಿಗೆ ನನ್ನ ಮೇಲೆ ಕೋಪ ಬರುವುದು ಬೇಡ. ಅವರಿಗೆ ಇದು ಮೊದಲನೇ ಚಳಿಗಾಲ ಅಂತ ನನ್ನ ಊಹೆ. ಮೂರನೆಯದಕ್ಕೆ ಸ್ವೆಟರ್ ಬೇಕಾದರೆ ಹೇಳಲಿ, ನನ್ನಲ್ಲಿ ಒಂದು ಹೆಚ್ಚಿಗೆ ಇದೆ.

ಪತ್ರ ಬಹಳ ಉದ್ದವಾಯಿತು, ಗೊತ್ತು. ಜಾಗ ಸಾಲದಿದ್ದರೆ ಹಿಮದ ವರ್ಣನೆಗೂ ಟುಲಿಪ್ಪಿಗೂ ಕತ್ತರಿ ಹಾಕಿ, ನನಗೇನೂ ಬೇಜಾರಿಲ್ಲ. ಕೆಂಡದ ಪ್ಯಾರಾ, ಪಾದರಸ ಮೇಲೇಳದ ಪ್ಯಾರಾ ಎರಡನ್ನೂ ದಯವಿಟ್ಟು ಹಾಗೇ ಬಿಡಿ.

ಇಂತಿ,
ನಿಮ್ಮ ಓದುಗ, ಹಳೆಯ ಹೀಟಿಂಗ್ ಮೆಕ್ಯಾನಿಕ್